ನವೆಂಬರ್ 1ರ ‘ಇತಿಹಾಸದಲ್ಲಿ ಈ ದಿನ’ ಹಲಗೆ: ಯಾವ ಸಾಲು ಉಳಿಸಬೇಕು, ಯಾವುದನ್ನು ತಿದ್ದಬೇಕು?

ಬೆಟಗೇರಿ_ಕರಿಹಲಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯ ಒಂದು ಪ್ರೌಢಶಾಲೆಯ ಅಂಗಳದ ಕರಿಹಲಗೆಗೆ ನವೆಂಬರ್ 1ರ ದಿನವಿಶೇಷ ಬರೆಯುವುದಿದೆ. ಹಲಗೆ ಅಡ್ಡ 6 ಅಡಿ, ಎತ್ತರ 4 ಅಡಿ. ಪ್ರಾರ್ಥನೆಗೆ ನಿಂತ ಮಕ್ಕಳು 20 ಅಡಿ ದೂರದಿಂದ ಓದಬೇಕು. ಓದಿದ್ದನ್ನೇ ಅವರು ಬರೆದುಕೊಳ್ಳುತ್ತಾರೆ, ರಸಪ್ರಶ್ನೆಯಲ್ಲಿ ಅದನ್ನೇ ಉತ್ತರವಾಗಿ ಹೇಳುತ್ತಾರೆ. ಹಾಗಾಗಿ ಒಂದು ತಪ್ಪೂ ಹೋಗಬಾರದು ಎಂಬ ಕಾಳಜಿ.

ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಪಟ್ಟಿ ಹೀಗಿದೆ:

1512 – ಸಿಸ್ಟೈನ್ ಚಾಪೆಲ್ ಚಿತ್ರ ಪೂರ್ಣ
1755 – ಲಿಸ್ಬನ್ ಭೂಕಂಪ
1858 – ಈಸ್ಟ್ ಇಂಡಿಯಾ ಕಂಪನಿ ಆಡಳಿತ ಅಂತ್ಯ
1952 – ಮೊದಲ ಹೈಡ್ರೋಜನ್ ಬಾಂಬ್
1954 – ಪುದುಚೇರಿ ಸ್ವತಂತ್ರ
1956 – ಕರ್ನಾಟಕ ಎಂದು ನಾಮಕರಣ
1957 – ಹುಬ್ಬಳ್ಳಿಯಲ್ಲಿ ರಾಷ್ಟ್ರಧ್ವಜ ತಯಾರಿಕೆ ಆರಂಭ
1966 – ಪಂಜಾಬ್, ಹರಿಯಾಣ, ಹಿಮಾಚಲ ಉದಯ
2000 – ಛತ್ತೀಸಗಢ, ಉತ್ತರಾಖಂಡ, ಜಾರ್ಖಂಡ್ ಉದಯ
2014 – ಹುಬ್ಬಳ್ಳಿ ಹೆಸರು ಬದಲಾವಣೆ

ಹೈಡ್ರೋಜನ್ ಬಾಂಬ್ ಇನ್ನೊಂದು ಪಟ್ಟಿಯಲ್ಲಿ ಅಕ್ಟೋಬರ್ 31ಕ್ಕೆ ಇದೆ. ಯಾವುದು ಸರಿ? 2026ರದ್ದು ಎಷ್ಟನೇ ರಾಜ್ಯೋತ್ಸವ, 70ನೆಯದೋ 71ನೆಯದೋ? ಹತ್ತೂ ಸಾಲು ಹಿಡಿಯುವಷ್ಟು ಜಾಗವಿದೆಯೋ ಇಲ್ಲವೋ ಅದನ್ನೂ ಹೇಳಿ.

ಮಾಳಮಡ್ಡಿ_ದಫ್ತರ

ಗುರುಗಳೇ, ಈ ಪಟ್ಟಿಯಲ್ಲಿ ಇಸವಿ-ತಾರೀಖು ಬಹುತೇಕ ಸರಿ ಇವೆ, ಕೆಟ್ಟಿರುವುದು ಕ್ರಿಯಾಪದ. ಒಂದು ಕಾನೂನಿಗೆ ಕನಿಷ್ಠ ಮೂರು ತಾರೀಖು ಇರುತ್ತವೆ: ಸದನ ಒಪ್ಪಿದ್ದು, ಅಂಕಿತ ಬಿದ್ದದ್ದು, ಜಾರಿಗೆ ಬಂದದ್ದು. ದಿನವಿಶೇಷದ ಪಟ್ಟಿಗಳು ಈ ಮೂರನ್ನೂ ‘ಆಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ನವೆಂಬರ್ 1ರಂದು ನಿಜವಾಗಿ ನಡೆದದ್ದೇನು ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಿ, ಅರ್ಧ ತಪ್ಪು ಅಲ್ಲೇ ಬಿದ್ದುಹೋಗುತ್ತದೆ.

1956ರಿಂದ ಹಿಡಿಯೋಣ. ರಾಜ್ಯ ಪುನರ್ವಿಂಗಡಣೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಆಗಸ್ಟ್ 31ಕ್ಕೆ. ನವೆಂಬರ್ 1 ಅದು ಜಾರಿಗೆ ಬಂದ ದಿನ. ಸಂವಿಧಾನದ 7ನೇ ತಿದ್ದುಪಡಿಯೂ ಅಂದೇ ಜಾರಿಯಾಗಿ, ‘ಎ’, ‘ಬಿ’, ‘ಸಿ’ ಎಂಬ ರಾಜ್ಯಗಳ ದರ್ಜೆ ಹೋಯಿತು. ದೇಶದಲ್ಲಿ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ ಉಳಿದವು. ಆದರೆ ನಮ್ಮ ರಾಜ್ಯಕ್ಕೆ ಅಂದು ಬಂದ ಹೆಸರು ‘ಮೈಸೂರು’. ನಿಜಲಿಂಗಪ್ಪನವರು ಅಂದು ಮುಖ್ಯಮಂತ್ರಿಯಾದದ್ದು ಮೈಸೂರು ರಾಜ್ಯಕ್ಕೆ. ಹಿಂದಿನ ದಿನದವರೆಗೆ ರಾಜಪ್ರಮುಖರಾಗಿದ್ದ (‘ಬಿ’ ದರ್ಜೆಯ ರಾಜ್ಯದಲ್ಲಿ ರಾಜ್ಯಪಾಲರ ಜಾಗದಲ್ಲಿದ್ದ) ಜಯಚಾಮರಾಜ ಒಡೆಯರು ಅಂದು ರಾಜ್ಯಪಾಲರಾದದ್ದೂ ಮೈಸೂರು ರಾಜ್ಯಕ್ಕೇ. ‘1956 – ಕರ್ನಾಟಕ ಎಂದು ನಾಮಕರಣ’ ಎಂಬ ಸಾಲಿನಲ್ಲಿ 17 ವರ್ಷದ ತಪ್ಪಿದೆ. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಸಂಸತ್ತು ಮಾಡಿದ ಕಾಯ್ದೆಯಿಂದ. ರಾಜ್ಯದ ಹೆಸರು ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯ ಪ್ರಕಾರ ಸಂಸತ್ತಿನದು. ವಿಧಾನಸಭೆಯ ನಿರ್ಣಯ ಅದಕ್ಕೆ ಕೋರಿಕೆ ಮಾತ್ರ. ಹೀಗಾಗಿ ‘ವಿಧಾನಸಭೆ ಹೆಸರು ಬದಲಿಸಿತು’ ಎಂದೂ ಬರೆಯಬೇಡಿ.

ನಿಮ್ಮ ಪಟ್ಟಿಯಲ್ಲಿ 1973ರ ಸಾಲೇ ಇಲ್ಲ. ಅದನ್ನು ಮೊದಲು ಸೇರಿಸಿ. ಕರ್ನಾಟಕ ಎಂಬ ಮಾತನ್ನೇ ಜೀವಮಾನವಿಡೀ ಹೊತ್ತು ನಡೆದ ಆಲೂರು ವೆಂಕಟರಾಯರು 1964ರ ಫೆಬ್ರವರಿ 25ಕ್ಕೆ ತೀರಿಕೊಂಡರು. ನಾಡು ಒಂದಾದದ್ದನ್ನು ಕಂಡರು, ಅದಕ್ಕೆ ಆ ಹೆಸರು ಬಂದದ್ದನ್ನು ಕಾಣಲಿಲ್ಲ. 1956ರ ಸಾಲಿಗೆ 1973ರ ಹೆಸರು ಅಂಟಿಸಿದರೆ ಆ 17 ವರ್ಷದ ಕಾಯುವಿಕೆಯೇ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.

‘ಒಂದಾಯಿತು’ ಎಂದರೆ ಏನೇನು ಸೇರಿತು ಎಂದು ಮಕ್ಕಳು ಕೇಳಿದರೆ ಕೈಯಲ್ಲಿರಲಿ. ಆಗಿನ ಮೈಸೂರು ರಾಜ್ಯದ 10 ಜಿಲ್ಲೆ (ಬಳ್ಳಾರಿ 1953ರ ಅಕ್ಟೋಬರ್ 1ಕ್ಕೇ ಸೇರಿತ್ತು). ಮುಂಬೈ ರಾಜ್ಯದಿಂದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಹೀಗೆ 4; ಬೆಳಗಾವಿಯಲ್ಲಿ ಚಂದಗಡ ತಾಲ್ಲೂಕು ಮಾತ್ರ ಅತ್ತ ಉಳಿಯಿತು. ಹೈದರಾಬಾದ್ ರಾಜ್ಯದಿಂದ ಗುಲ್ಬರ್ಗಾ, ರಾಯಚೂರು, ಬೀದರ್ 3, ಅವುಗಳಲ್ಲೂ ಕೆಲವು ತಾಲ್ಲೂಕು ಬಿಟ್ಟು. ಮದ್ರಾಸಿನಿಂದ ದಕ್ಷಿಣ ಕನ್ನಡ, ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದಿವಿ ದ್ವೀಪಗಳನ್ನು ಬಿಟ್ಟು. ಜೊತೆಗೆ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ಮತ್ತೆ ಕೊಡಗು. ಒಟ್ಟು 19 ಜಿಲ್ಲೆ.

ಗದಗ, ಹಾವೇರಿ ಆಗ ಜಿಲ್ಲೆಗಳಲ್ಲ, ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಅವು ಜಿಲ್ಲೆಯಾದದ್ದು 1997ರಲ್ಲಿ. ‘1956ರಲ್ಲಿ ಗದಗ ಜಿಲ್ಲೆ ಮೈಸೂರಿಗೆ ಸೇರಿತು’ ಎಂಬ ಸಾಲನ್ನೂ ಇತ್ತೀಚೆಗೆ ಹಂಚುತ್ತಿದ್ದಾರೆ, ಅದು ತಪ್ಪು. ಮಕ್ಕಳಿಗೆ ನಕ್ಷೆಯಲ್ಲಿ ತೋರಿಸಬೇಕೆಂದರೆ ಹೀಗೆ ತೋರಿಸಿ: 1956ರ ಅಕ್ಟೋಬರ್ 31ರಂದು ಗದಗ ಮುಂಬೈ ರಾಜ್ಯದಲ್ಲಿತ್ತು, ಪೂರ್ವಕ್ಕೆ ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿತ್ತು. ದಕ್ಷಿಣಕ್ಕೆ ತುಂಗಭದ್ರೆಯ ಈ ದಂಡೆಯ ರಾಣೆಬೆನ್ನೂರು ಸೀಮೆ ಮುಂಬೈಗೆ, ಆ ದಂಡೆಯ ಹರಿಹರ ಮೈಸೂರಿಗೆ. ಮರುದಿನ ಬೆಳಗಾದಾಗ ಎಲ್ಲವೂ ಒಂದೇ ರಾಜ್ಯ. ಪುಸ್ತಕದಲ್ಲಿನ 19 ಜಿಲ್ಲೆಯ ಪಟ್ಟಿಗಿಂತ ಇದು ಅವರಿಗೆ ಬೇಗ ನಾಟುತ್ತದೆ.

ಎಷ್ಟನೇ ರಾಜ್ಯೋತ್ಸವ ಎಂಬುದಕ್ಕೆ: 2026ರಲ್ಲಿ 1956 ಕಳೆದರೆ 70. ಅಂದರೆ ಏಕೀಕರಣಕ್ಕೆ 70 ವರ್ಷ ತುಂಬಿತು. 1956ರ ದಿನವನ್ನೇ ಒಂದನೆಯದು ಎಂದು ಎಣಿಸಿದರೆ ಅದು 71ನೆಯ ನವೆಂಬರ್ 1. ಎರಡೂ ಸರಿ, ‘ತುಂಬಿತು’ ಮತ್ತು ‘-ನೆಯ’ ಅದಲುಬದಲಾಗಬಾರದು ಅಷ್ಟೇ. ಸುವರ್ಣ ಕರ್ನಾಟಕ ಆಚರಿಸಿದ್ದು 2006ರಲ್ಲಿ, 50 ತುಂಬಿದಾಗ. ಹೆಸರಿನ ಲೆಕ್ಕ ಬೇರೆ: 1973ರಿಂದ 2026ಕ್ಕೆ 53.

ಬೆಂಗೇರಿ_ನೂಲು

ಹುಬ್ಬಳ್ಳಿದು ಎರಡು ಸಾಲು ಅದಾವ, ಎರಡೂ ತಿದ್ದಬೇಕ್ರಿ.

1957ರ ನವೆಂಬರ್ 1ಕ್ಕ ಆಗಿದ್ದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಸ್ಥಾಪನೆ. ರಾಜ್ಯ ಒಂದಾಗಿ ಸರಿಯಾಗಿ ಒಂದು ವರ್ಷಕ್ಕ. ಬ್ಯಾರೆ ಬ್ಯಾರೆ ಕಡೆ ಇದ್ದ ಖಾದಿ ಸಂಸ್ಥೆಗಳನ್ನ ಒಂದು ಸೂರಿನಡಿ ತರಾಕ ಅದನ್ನ ಕಟ್ಟಿದ್ರು, ಅದರ ಕೇಂದ್ರ ಹುಬ್ಬಳ್ಳಿ ಒಳಗಿನ ನಮ್ಮ ಬೆಂಗೇರಿ. ಧ್ವಜದ ವಿಭಾಗ ಶುರುವಾಗಿದ್ದು 2004ರಾಗ. ಈ ಎರಡರ ನಡುವ 47 ವರ್ಷ ಐತಿ. ಪಟ್ಟಿ ಮಾಡಿದವರು ಸಂಘದ ಹುಟ್ಟಿದ ತಾರೀಖು ತಗೊಂಡು, ಸಂಘದ ಈಗಿನ ಹೆಸರುವಾಸಿ ಕೆಲಸಕ್ಕ ಜೋಡಿಸ್ಯಾರ. ಇದು ಸಂಸ್ಥೆಗಳ ವಿಷಯದಾಗ ಭಾಳ ಆಗೋ ತಪ್ಪು. ಕಾಲೇಜು, ಬ್ಯಾಂಕು, ಆಸ್ಪತ್ರೆ ಯಾವುದ ಇರಲಿ, ‘ಸ್ಥಾಪನೆ’ ಅಂದ್ರ ಸ್ಥಾಪನೆ ಅಷ್ಟ ಬರೀಬೇಕು.

ಧ್ವಜದ ಬಗ್ಗೆ ಹುಡುಗರು ಕೇಳಿದ್ರ ಹೇಳಾಕ: ಅಗಲ-ಎತ್ತರ 3ಕ್ಕ 2. ಅತೀ ದೊಡ್ಡದು 6300 ಮಿಲಿಮೀಟರ್ ಅಗಲ, 4200 ಎತ್ತರ. ಅತೀ ಸಣ್ಣದು 150ಕ್ಕ 100, ಮೇಜಿನ ಮ್ಯಾಲೆ ಇಡೋದು. ಒಟ್ಟು 9 ಅಳತಿ. ಅಶೋಕ ಚಕ್ರಕ್ಕ 24 ಅರ. ಬಿಳಿ ಪಟ್ಟಿಯ ಎರಡೂ ಮುಖಕ್ಕ ಚಕ್ರ ಒಂದಕ್ಕೊಂದು ಸರಿಯಾಗಿ ಕೂಡಬೇಕು, ಒಂದು ಕಡೆಯದು ಸ್ವಲ್ಪ ಸರಿದ್ರೂ ಬೆಳಕಿಗೆ ಹಿಡಿದಾಗ 24 ಅರ 48 ಕಂಡಂಗ ಆಗತೈತಿ; ಅಂಥಾ ಧ್ವಜ ತಪಾಸಣೆದಾಗ ಉಳಿಯೂದಿಲ್ಲ.

ಇನ್ನ 2014. ಅವತ್ತು 12 ಊರಿನ ಹೆಸರಿನ ಇಂಗ್ಲಿಷ್ ಬರವಣಿಗಿ ಬದಲಾತು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಹೊಸಪೇಟೆ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಕಲಬುರಗಿ, ವಿಜಯಪುರ. ಇದರಾಗ ಕನ್ನಡದಾಗೂ ಎದ್ದು ಕಾಣುವಂಗ ಬದಲಾಗಿದ್ದು ಗುಲ್ಬರ್ಗಾ ಕಲಬುರಗಿ ಆಗಿದ್ದು, ಬಿಜಾಪುರ ವಿಜಯಪುರ ಆಗಿದ್ದು. ಹುಬ್ಬಳ್ಳಿ ಕನ್ನಡದಾಗ ಮೊದಲೂ ಹುಬ್ಬಳ್ಳಿನ, ಈಗೂ ಹುಬ್ಬಳ್ಳಿನ. ‘ಹುಬ್ಳಿ’ ಅಂತ ಓದಿಸ್ತಿದ್ದ ಇಂಗ್ಲಿಷ್ ಅಕ್ಷರ ಹೋಗಿ ‘ಹುಬ್ಬಳ್ಳಿ’ ಅಂತ ಓದೋ ಅಕ್ಷರ ಬಂದ್ವು. ಕನ್ನಡ ಹಲಗಿ ಮ್ಯಾಲೆ ‘ಹುಬ್ಬಳ್ಳಿ ಹೆಸರು ಬದಲಾವಣೆ’ ಅಂತ ಬರದ್ರ, ಮೊದಲ ಏನಿತ್ತು ಅಂತ ಹುಡುಗರು ಕೇಳೇ ಕೇಳ್ತಾರ, ಹೇಳಾಕ ಏನೂ ಇರೂದಿಲ್ಲ. ರೈಲ್ವೆದಾಗ ನಿಲ್ದಾಣದ ಸಂಕೇತ ‘ಯುಬಿಎಲ್’ ಹಂಗ ಉಳದೈತಿ; ಹೆಸರು ಬದಲಾದ್ರ ಸಂಕೇತನೂ ಬದಲಾಗಬೇಕು ಅಂತೇನಿಲ್ಲ.

ಹಳೇ ಗೆಜೆಟ್ ಹುಡುಕೋರಿಗೆ ಒಂದು ಮಾತು. 1956ರ ಕಾಯ್ದೆದಾಗ ಧಾರವಾಡದ ಇಂಗ್ಲಿಷ್ ಹೆಸರಿನ ಕಡೀ ಅಕ್ಷರ ‘ಡಿ’ ಅಲ್ಲ, ‘ಆರ್’. ಉತ್ತರ ಕನ್ನಡ ಅಲ್ಲಿ ಬರೇ ‘ಕೆನರಾ’. ಈಗಿನ ಅಕ್ಷರ ಹಾಕಿ ಹುಡುಕಿದ್ರ ಏನೂ ಸಿಗೂದಿಲ್ಲ, ಸಿಗಲಿಲ್ಲ ಅಂತ ಆ ದಾಖಲೆನ ಇಲ್ಲ ಅಂದುಕೋಬ್ಯಾಡ್ರಿ.

ವರದೆಯ_ದಂಡೆ

ಹಾವೇರಿಯಿಂದ ನಮಸ್ಕಾರ. ಹೊರದೇಶದ ಸಾಲುಗಳಲ್ಲಿ ತಪ್ಪು ಬೇರೆ ದಾರಿಯಿಂದ ಬರುತ್ತದೆ: ಗಡಿಯಾರ ಮತ್ತು ಪಂಚಾಂಗ.

ಹೈಡ್ರೋಜನ್ ಬಾಂಬಿನದು ಗಡಿಯಾರದ ವಿಷಯ. ಸ್ಫೋಟ ನಡೆದದ್ದು ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪದಲ್ಲಿ, ಅಲ್ಲಿನ ಸಮಯ ನವೆಂಬರ್ 1ರ ಬೆಳಿಗ್ಗೆ 7:15. ಅದೇ ಗಳಿಗೆಯಲ್ಲಿ ಗ್ರೀನಿಚ್‌ನಲ್ಲಿ ಅಕ್ಟೋಬರ್ 31ರ ಸಂಜೆ 7:15, ವಾಷಿಂಗ್ಟನ್‌ನಲ್ಲಿ 31ರ ಮಧ್ಯಾಹ್ನ 2:15. ನಮ್ಮಲ್ಲಿ ನವೆಂಬರ್ 1 ಹುಟ್ಟಿ ಮುಕ್ಕಾಲು ಗಂಟೆ, ಅಂದರೆ ರಾತ್ರಿ 12:45. ಎರಡೂ ಪಟ್ಟಿ ಸುಳ್ಳು ಹೇಳಿಲ್ಲ. ಘಟನೆ ನಡೆದ ಜಾಗದ ತಾರೀಖನ್ನೇ ಬರೆಯುವುದು ರೂಢಿ, ಆದ್ದರಿಂದ ನವೆಂಬರ್ 1 ಇರಲಿ. ತಿದ್ದಬೇಕಾದದ್ದು ‘ಬಾಂಬ್’. ಅದು ಟನ್‌ಗಟ್ಟಲೆ ತೂಕದ, ನೆಲದ ಮೇಲೆ ಕಟ್ಟಡದೊಳಗೆ ಜೋಡಿಸಿದ್ದ ಉಪಕರಣ. ಒಳಗೆ ದ್ರವರೂಪದ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಇತ್ತು, ಅದನ್ನು ತಣ್ಣಗಿಡಲು ಶೀತಲ ಯಂತ್ರಗಳು ಬೇಕಿದ್ದವು, ವಿಮಾನದಿಂದ ಹಾಕುವಂಥದ್ದಲ್ಲ. ಶಕ್ತಿ 10.4 ಮೆಗಾಟನ್, ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಇಲ್ಲವಾಯಿತು. ‘ಮೊದಲ ಹೈಡ್ರೋಜನ್ ಬಾಂಬ್ ಮಾದರಿಯ ಪರೀಕ್ಷೆ’ ಎನ್ನಿ.

1512ರದ್ದು ಪಂಚಾಂಗ ಮತ್ತು ಕ್ರಿಯಾಪದ ಎರಡೂ ಸೇರಿದ ತೊಡಕು. ಮೈಕೆಲೇಂಜೆಲೋ ಚಾವಣಿಯ ಚಿತ್ರ ಮುಗಿಸಿದ್ದು ಅಂದಲ್ಲ. ಅಕ್ಟೋಬರ್ 31ರ ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಅದರ ಅನಾವರಣ, ನವೆಂಬರ್ 1ಕ್ಕೆ ಜನ ನೋಡಿದರು. ‘ಪೂರ್ಣ’ ತೆಗೆದು ‘ಸಾರ್ವಜನಿಕರಿಗೆ ತೆರೆಯಿತು’ ಮಾಡಿ. 1582ರ ಹಿಂದಿನ ತಾರೀಖುಗಳು ಹಳೆಯ ಜೂಲಿಯನ್ ಪಂಚಾಂಗದವು. ಇಂದಿನ ಗ್ರೆಗೋರಿಯನ್ ಲೆಕ್ಕಕ್ಕೆ ತಂದರೆ 10 ದಿನ ಮುಂದೆ ಹೋಗಿ ಅದು ನವೆಂಬರ್ 11 ಆಗುತ್ತದೆ. ಆದರೆ ಹಾಗೆ ಪರಿವರ್ತಿಸಿ ಬರೆಯುವ ರೂಢಿಯಿಲ್ಲ. ಆ ಕಾಲದ ಜನ ಬರೆದ ತಾರೀಖನ್ನೇ ಇಟ್ಟುಕೊಳ್ಳಬೇಕು.

ರಷ್ಯಾದ ವಿಷಯದಲ್ಲಿ ಮಾತ್ರ ಎಚ್ಚರ, ಅಲ್ಲಿ 1918ರವರೆಗೂ ಹಳೆಯ ಪಂಚಾಂಗವೇ ನಡೆಯಿತು. ಮೂರನೇ ಅಲೆಕ್ಸಾಂಡರ್ ಸತ್ತು ಎರಡನೇ ನಿಕೋಲಸ್ ಚಕ್ರವರ್ತಿಯಾದದ್ದು 1894ರ ನವೆಂಬರ್ 1 ಎಂದು ಕೆಲವು ಪಟ್ಟಿಗಳಲ್ಲಿದೆ, ಅಕ್ಟೋಬರ್ 20 ಎಂದು ಕೆಲವುಗಳಲ್ಲಿದೆ. ಎರಡೂ ಒಂದೇ ದಿನ, 19ನೇ ಶತಮಾನದಲ್ಲಿ ವ್ಯತ್ಯಾಸ 12 ದಿನ. ಇಂಥ ಸಾಲು ಹಾಕುವುದಿದ್ದರೆ ‘ಹೊಸ ಪಂಚಾಂಗ’ ಎಂಬ ಪದ ಪಕ್ಕದಲ್ಲಿ ಬೇಕೇ ಬೇಕು.

ಲಿಸ್ಬನ್ ಭೂಕಂಪಕ್ಕೆ ಈ ಯಾವ ಕಾಟವೂ ಇಲ್ಲ. ಪೋರ್ಚುಗಲ್ 1582ರಲ್ಲೇ ಹೊಸ ಪಂಚಾಂಗಕ್ಕೆ ಬಂದಿತ್ತು. 1755ರ ನವೆಂಬರ್ 1, ಶನಿವಾರ, ಬೆಳಿಗ್ಗೆ ಸುಮಾರು 9:40. ಅಂದು ಕ್ರೈಸ್ತರ ಸರ್ವ ಸಂತರ ಹಬ್ಬ. ಜನ ಇಗರ್ಜಿಗಳಲ್ಲಿ ತುಂಬಿದ್ದರು, ದೀಪಗಳು ಉರಿಯುತ್ತಿದ್ದವು. ಕಟ್ಟಡ ಬಿದ್ದದ್ದು ಒಂದು, ಉಳಿದವರು ಬಯಲು ಹುಡುಕಿ ಹೊಳೆದಂಡೆಗೆ ಓಡಿದಾಗ ಸುನಾಮಿ ಬಂದದ್ದು ಎರಡು, ಉರುಳಿದ ದೀಪ-ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಆರದೆ ಇದ್ದದ್ದು ಮೂರು. ಸತ್ತವರ ಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಇರುವುದರಿಂದ ಹಲಗೆಯ ಮೇಲೆ ಅಂಕಿ ಬೇಡ, ‘ಹತ್ತಾರು ಸಾವಿರ’ ಎಂದರೆ ಸಾಕು.

ವಾರ ತಾಳೆ ನೋಡುವ ಲೆಕ್ಕ ಗೊತ್ತಿದ್ದರೆ ಪಟ್ಟಿಗಳನ್ನು ಪರೀಕ್ಷಿಸಲು ಅನುಕೂಲ. ಇಸವಿಯ ಕೊನೆಯ ಎರಡು ಅಂಕಿ, ಅದರ ಕಾಲುಭಾಗ (ಶೇಷ ಬಿಟ್ಟು), ತಾರೀಖು, ತಿಂಗಳ ಸಂಖ್ಯೆ, ಶತಮಾನದ ಸಂಖ್ಯೆ ಇಷ್ಟನ್ನು ಕೂಡಿಸಿ 7ರಿಂದ ಭಾಗಿಸಿ, ಶೇಷ ನೋಡಿ. ನವೆಂಬರಿಗೆ ತಿಂಗಳ ಸಂಖ್ಯೆ 4. ಶತಮಾನಕ್ಕೆ 1700ರವು 4, 1800ರವು 2, 1900ರವು 0, 2000ದವು 6. ಶೇಷ 1 ಬಂದರೆ ಭಾನುವಾರ, 2 ಸೋಮವಾರ, ಹೀಗೆ ಸಾಗಿ 0 ಬಂದರೆ ಶನಿವಾರ.

1956ರ ನವೆಂಬರ್ 1: 56 + 14 + 1 + 4 + 0 = 75. ಶೇಷ 5, ಗುರುವಾರ.
1973: 73 + 18 + 1 + 4 + 0 = 96. ಶೇಷ 5, ಮತ್ತೆ ಗುರುವಾರ.
1755: 55 + 13 + 1 + 4 + 4 = 77. ಶೇಷ 0, ಶನಿವಾರ.

ಯಾವುದಾದರೂ ಲೇಖನ ‘1956ರ ನವೆಂಬರ್ 1ರ ಶುಕ್ರವಾರ’ ಎಂದಿದ್ದರೆ ವಾರವೋ ತಾರೀಖೋ ಒಂದು ತಪ್ಪಿದೆ ಎಂದು ಕೂಡಲೇ ಗೊತ್ತಾಗುತ್ತದೆ, ಮೂಲ ಹುಡುಕಲು ಅಲ್ಲಿಂದ ಶುರುಮಾಡಬಹುದು. ಎರಡು ಎಚ್ಚರಿಕೆ: ಈ ಲೆಕ್ಕ ಗ್ರೆಗೋರಿಯನ್ ತಾರೀಖಿಗೆ ಮಾತ್ರ, 1512ಕ್ಕೆ ಹಚ್ಚಬೇಡಿ. ಅಧಿಕ ವರ್ಷದ ಜನವರಿ, ಫೆಬ್ರವರಿ ತಾರೀಖಿಗೆ ಬಂದ ಉತ್ತರದಲ್ಲಿ 1 ಕಳೆಯಬೇಕು. ನವೆಂಬರಿಗೆ ಅದು ಬೇಕಿಲ್ಲ.

ಮಾಳಮಡ್ಡಿ_ದಫ್ತರ

ಉಳಿದ ರಾಜ್ಯಗಳ ಸಾಲು ಬಾಕಿ ಇತ್ತು. 1966ರಲ್ಲಿ ಪಂಜಾಬ್ ಒಡೆದು ಹರಿಯಾಣ ರಾಜ್ಯವಾಯಿತು, ಚಂಡೀಗಢ ಕೇಂದ್ರಾಡಳಿತ ಪ್ರದೇಶವಾಯಿತು. ಹಿಮಾಚಲಕ್ಕೆ ಅಂದು ಪಂಜಾಬಿನ ಬೆಟ್ಟದ ಸೀಮೆ ಸೇರಿತಷ್ಟೇ. ಅದು ರಾಜ್ಯವಾದದ್ದು 1971ರ ಜನವರಿ 25. 2000ದಲ್ಲಿ ನವೆಂಬರ್ 1 ಛತ್ತೀಸಗಢದ್ದು ಮಾತ್ರ. ಉತ್ತರಾಖಂಡ (ಆಗ ಉತ್ತರಾಂಚಲ) 9ಕ್ಕೆ, ಜಾರ್ಖಂಡ್ 15ಕ್ಕೆ. ಒಂದೇ ತಿಂಗಳು ಎಂಬ ಕಾರಣಕ್ಕೆ ಮೂರನ್ನೂ ಒಂದೇ ದಿನಕ್ಕೆ ಎಳೆದಿದ್ದಾರೆ.

ಪುದುಚೇರಿಗೆ ‘ಸ್ವತಂತ್ರ’ ಬೇಡ. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು, 170 ಮಂದಿ ಭಾರತಕ್ಕೆ ಸೇರಲು ಒಪ್ಪಿದರು. ನವೆಂಬರ್ 1ಕ್ಕೆ ಫ್ರೆಂಚರು ಆಡಳಿತವನ್ನು ಭಾರತಕ್ಕೆ ಬಿಟ್ಟುಕೊಟ್ಟರು. ಕಾನೂನಿನ ಪ್ರಕಾರ ಹಸ್ತಾಂತರ ಪೂರ್ಣವಾದದ್ದು 1962ರ ಆಗಸ್ಟ್ 16. ಅದೇ 1954ರ ನವೆಂಬರ್ 1ರಂದೇ ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಒಂದು ಕಡೆ ಮಾತುಕತೆಯಿಂದ ಕೈಬಿಟ್ಟ ದಿನವೇ ಇನ್ನೊಂದು ಕಡೆ ಬಂದೂಕು ಎದ್ದಿತು. ಒಂಬತ್ತು-ಹತ್ತನೇ ತರಗತಿಯವರಿಗೆ ಇವೆರಡನ್ನೂ ಜೋಡಿಸಿ ಹೇಳಿ.

ಬೆಟಗೇರಿ_ಕರಿಹಲಗೆ

ಎಲ್ಲರಿಗೂ ಧನ್ಯವಾದ. 1858ರದ್ದು ಇನ್ನೂ ಬಾಕಿ ಇದೆ. ನರಗುಂದ ಪಕ್ಕದಲ್ಲೇ ಇರುವುದರಿಂದ ಮಕ್ಕಳು ಅದೇ ವರ್ಷ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬರ ಜೊತೆ ಅದನ್ನು ಜೋಡಿಸಿ ಕೇಳುತ್ತಾರೆ. ಆ ಸಾಲು ಹೇಗೆ ಬರೆಯಲಿ? ಹಲಗೆಯಲ್ಲಿ ಎಷ್ಟು ಸಾಲು ಹಿಡಿಯುತ್ತವೆ?

ವರದೆಯ_ದಂಡೆ

ಕಂಪನಿಯಿಂದ ಆಡಳಿತ ಕಿತ್ತುಕೊಂಡ ಕಾಯ್ದೆಗೆ ರಾಣಿಯ ಅಂಕಿತ ಬಿದ್ದದ್ದು 1858ರ ಆಗಸ್ಟ್ 2. ನವೆಂಬರ್ 1, ಸೋಮವಾರ, ಅದನ್ನು ಸಾರಿದ ದಿನ: ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ, ದೇಶದ ಬೇರೆ ಪಟ್ಟಣಗಳಲ್ಲೂ ದೇಶಭಾಷೆಗಳಿಗೆ ತಿರುಗಿಸಿ ಓದಿದರು. ಆದ್ದರಿಂದ ‘ಆಡಳಿತ ಅಂತ್ಯ’ ಅಲ್ಲ, ‘ಘೋಷಣೆ ಓದಲಾಯಿತು’.

ನರಗುಂದದ ನಂಟು ನಿಜವಾಗಿಯೂ ಇದೆ, ಅದನ್ನು ಬಿಡಬೇಡಿ. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದದ್ದು 1858ರ ಮೇ 29. ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದದ್ದು ಜೂನ್ 1. ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಜೂನ್ 12. ಘೋಷಣೆ ಬಂದದ್ದು ಇದಾಗಿ ಐದು ತಿಂಗಳಿಗೆ. ಅದರಲ್ಲಿ ಬಂಡೆದ್ದವರಿಗೆ ಕ್ಷಮಾದಾನದ ಮಾತಿದೆ, ಮರು ಜನವರಿ 1ರೊಳಗೆ ಶರಣಾಗಬೇಕೆಂಬ ಗಡುವಿದೆ. ಆದರೆ ಬ್ರಿಟಿಷ್ ಪ್ರಜೆಗಳ ಹತ್ಯೆಯಲ್ಲಿ ಕೈ ಇದ್ದವರಿಗೆ ಕ್ಷಮೆಯಿಲ್ಲ ಎಂದೂ ಇದೆ. ‘ಐದು ತಿಂಗಳು ಮೊದಲೇ ಈ ಘೋಷಣೆ ಬಂದಿದ್ದರೆ ಬಾಬಾಸಾಹೇಬರು ಉಳಿಯುತ್ತಿದ್ದರೇ’ ಎಂದು ಮಕ್ಕಳು ಕೇಳಿದರೆ ಉತ್ತರ ಆ ವಾಕ್ಯದಲ್ಲೇ ಇದೆ. ಮ್ಯಾನ್ಸನ್ ಹತ್ಯೆಯಾದ ಮೇಲೆ ಆ ಕ್ಷಮಾದಾನ ಅವರಿಗೆ ಅನ್ವಯಿಸುತ್ತಿರಲಿಲ್ಲ.

ಬೆಂಗೇರಿ_ನೂಲು

ಹಲಗಿ ಲೆಕ್ಕ ನಾನು ಹೇಳ್ತೀನ್ರಿ. 10 ಅಡಿ ದೂರಕ್ಕ 1 ಇಂಚು ಎತ್ತರದ ಅಕ್ಷರ ಬೇಕು. 20 ಅಡಿಗೆ 2 ಇಂಚು. ಕನ್ನಡಕ್ಕ ಮ್ಯಾಲೆ ಗುಡಸು, ಕೆಳಗ ಒತ್ತು ಇರತಾವ, ಹಿಂಗಾಗಿ ಸಾಲಿಂದ ಸಾಲಿಗೆ 4 ಇಂಚು ಬಿಡಬೇಕು. 3 ಇಂಚು ಬಿಟ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಸಿಗೆ ತಾಗಿ ‘ಜ್ಯ’, ‘ಷ್ಟ್ರ’ ಓದಾಕ ಬರೂದಿಲ್ಲ. ಎತ್ತರ 48 ಇಂಚು. ಮ್ಯಾಲೆ ಕೆಳಗ 2-2 ಅಂಚು, ತಲೆಬರಹಕ್ಕ 6 ತಗದ್ರ ಉಳಿಯೂದು 38. ಅಂದ್ರ 9 ಸಾಲು. ಅಡ್ಡ 72 ಇಂಚಿನಾಗ ಅಂಚು ಕಳದು 66, ಸಾಲಿಗೆ ಸುಮಾರು 27 ಅಕ್ಷರ, ನಡುವಿನ ಜಾಗ ಸೇರಿ. ಒಂದು ಘಟನೆಗೆ ಎರಡು ಸಾಲು ಬೇಕಾಗತಾವ, ಹಿಂಗಾಗಿ ಹತ್ತು ಘಟನೆ ಕೂಡೂದಿಲ್ಲ. ಐದು ಆರಿಸ್ಕೊರಿ. ಇಸವಿಗೆ ಹಳದಿ ಸೀಮೆಸುಣ್ಣ, ಬರಹಕ್ಕ ಬಿಳಿ. ರಾಜ್ಯೋತ್ಸವ ಅಂತ ಅಕ್ಷರಕ್ಕ ಕೆಂಪು ಹಚ್ಚಬ್ಯಾಡ್ರಿ, ಕರೀ ಹಲಗಿ ಮ್ಯಾಲೆ ಕೆಂಪು ದೂರದಿಂದ ಕಾಣೂದಿಲ್ಲ, ಅಂಚಿಗೆ ಹಾಕ್ರಿ.

ಬೆಟಗೇರಿ_ಕರಿಹಲಗೆ

ಹಾಗಾದರೆ ಹೀಗೆ:

1755: ಲಿಸ್ಬನ್ ನಗರದಲ್ಲಿ ಭೂಕಂಪ, ಸುನಾಮಿ.

1858: ವಿಕ್ಟೋರಿಯಾ ರಾಣಿಯ ಘೋಷಣೆ
ಅಲಹಾಬಾದಿನಲ್ಲಿ ಓದಲಾಯಿತು.

1956: ರಾಜ್ಯ ಪುನರ್ವಿಂಗಡಣೆ ಜಾರಿ. ಕನ್ನಡ
ನಾಡು ಒಂದಾಯಿತು, ಹೆಸರು ‘ಮೈಸೂರು’.

1957: ಹುಬ್ಬಳ್ಳಿಯಲ್ಲಿ ಖಾದಿ ಗ್ರಾಮೋದ್ಯೋಗ
ಸಂಯುಕ್ತ ಸಂಘದ ಸ್ಥಾಪನೆ.

1973: ಮೈಸೂರು ರಾಜ್ಯಕ್ಕೆ ‘ಕರ್ನಾಟಕ’
ಎಂಬ ಹೆಸರು ಜಾರಿಗೆ ಬಂತು.

ಕೊನೆಯದಕ್ಕೆ ‘50 ವರ್ಷದ ಸಂಭ್ರಮ 2023ರ ಈ ದಿನ ಗದಗಿನಲ್ಲಿ’ ಎಂದು ಸೇರಿಸಬಹುದೇ? ಊರಿನ ಹೆಸರು ಬಂದರೆ ಮಕ್ಕಳಿಗೆ ಖುಷಿ.

ಮಾಳಮಡ್ಡಿ_ದಫ್ತರ

ಐದೂ ಸಾಲು ಸರಿಯಾಗಿವೆ. ಕೊನೆಯ ಸೇರ್ಪಡೆ ಮಾತ್ರ ಬೇಡ. ‘ಕರ್ನಾಟಕ ಸಂಭ್ರಮ-50’ರ ಕಾರ್ಯಕ್ರಮ ಹಂಪಿಯಲ್ಲಿ ನಡೆದದ್ದು 2023ರ ನವೆಂಬರ್ 2ಕ್ಕೆ, ಗದಗಿನಲ್ಲಿ 3ಕ್ಕೆ. ಆ ಸಾಲನ್ನು 3ನೇ ತಾರೀಖಿನ ಹಲಗೆಗೆ ತೆಗೆದಿಡಿ. ಅಲ್ಲಿ ಗದಗಿನ ಹೆಸರನ್ನು ತಲೆಬರಹದಲ್ಲೇ 3 ಇಂಚಿನ ಅಕ್ಷರದಲ್ಲಿ ಬರೆಯಬಹುದು.